ಧಣಿಯ ಎದುರು ಒಂದು ಹೆಸರು

1828ರ ಜುಲೈ ಮೊದಲ ವಾರ. ಪಶ್ಚಿಮ ಐರ್ಲೆಂಡಿನ ಕ್ಲೇರ್ ಸೀಮೆಯ ಎನ್ನಿಸ್ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಹಳ್ಳಿಹಳ್ಳಿಯಿಂದ ರೈತರು ಸಾಲುಗಟ್ಟಿ ಬರುತ್ತಿದ್ದಾರೆ. ಕೈಯಲ್ಲಿ ಹಸಿರು ಟೊಂಗೆ, ಮುಂದೆ ಊರಿನ ಪಾದ್ರಿ. ಇಷ್ಟು ಜನ ನೆರೆದರೂ ತೂರಾಡುವವರಿಲ್ಲ. ಚುನಾವಣೆ ಮುಗಿಯುವ ತನಕ ವಿಸ್ಕಿ ಮುಟ್ಟಬಾರದೆಂದು ಕಟ್ಟಪ್ಪಣೆಯಾಗಿದೆ. ಸಣ್ಣದೊಂದು ಹೊಡೆದಾಟವಾದರೂ ಸಾಕು, ಸರ್ಕಾರದ ಸೈನಿಕರಿಗೆ ಅದೇ ನೆಪ.

ಜನರ ನಡುವೆ ನುಸುಳಿ ಮತಗಟ್ಟೆಯ ಹತ್ತಿರ ಬನ್ನಿ. ಇಲ್ಲಿ ಮತಪೆಟ್ಟಿಗೆಯೂ ಇಲ್ಲ, ಗುಟ್ಟೂ ಇಲ್ಲ. ಅಧಿಕಾರಿಯ ಮುಂದೆ ನಿಂತು ಬೇಕಾದವನ ಹೆಸರನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ನಿಮ್ಮ ಮುಂದಿರುವ ರೈತ ವರ್ಷಕ್ಕೆ 40 ಷಿಲಿಂಗ್ ಬೆಲೆಬಾಳುವ ತುಂಡು ನೆಲದ ಹಿಡುವಳಿದಾರ. 1793ರಲ್ಲಿ ಕ್ಯಾಥೊಲಿಕರಿಗೆ ಮತದಾನದ ಹಕ್ಕು ಮರಳಿ ಬಂದಾಗಿನಿಂದ ಅವನಂಥವರು ಬಹುಮಟ್ಟಿಗೆ ಧಣಿ ತೋರಿದವನಿಗೇ ಮತ ಹಾಕಿದ್ದಾರೆ. ಎದುರು ನಿಂತರೆ ಗೇಣಿಯ ನೆಲ ಹೋಗಬಹುದು, ತಲೆ ಮೇಲಿನ ಸೂರೂ ಹೋಗಬಹುದು.

ಧಣಿಗಳ ಅಭ್ಯರ್ಥಿ ವೆಸೀ ಫಿಟ್ಜ್‌ಜೆರಾಲ್ಡ್ ಕೆಟ್ಟವನೇನಲ್ಲ. ಕ್ಯಾಥೊಲಿಕರ ಹಕ್ಕಿನ ಪರವಾಗಿಯೇ ಮಾತಾಡುವವನು. ಮಂತ್ರಿಯಾದದ್ದರಿಂದ ನಿಯಮದಂತೆ ಮತ್ತೆ ಗೆದ್ದು ಬರಬೇಕಾಗಿದೆ. ಎದುರಾಳಿ ಡೇನಿಯಲ್ ಓಕಾನೆಲ್, ಡಬ್ಲಿನ್ನಿನ ಹೆಸರಾಂತ ವಕೀಲ, ಕ್ಯಾಥೊಲಿಕ್. ಅವನು ಸ್ಪರ್ಧಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಗೆದ್ದು ಲಂಡನ್ನಿನ ಸಂಸತ್ತಿನಲ್ಲಿ ಕೂರಬೇಕಾದರೆ, ಕ್ಯಾಥೊಲಿಕರ ಬಲಿಪೂಜೆ ವಿಗ್ರಹಾರಾಧನೆಯೆಂದು ಪ್ರಮಾಣ ಮಾಡಬೇಕು. ತನ್ನ ದೇವರನ್ನು ತಾನೇ ಹಳಿದವನಿಗಷ್ಟೇ ಅಲ್ಲಿ ಪೀಠ.

ಈ ರೈತನ ಧೈರ್ಯ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಓಕಾನೆಲ್ ಮತ್ತು ಸಂಗಡಿಗರು 1823ರಲ್ಲಿ ಕಟ್ಟಿದ ಕ್ಯಾಥೊಲಿಕ್ ಸಂಘಕ್ಕೆ ಬಡವರು ತಿಂಗಳಿಗೆ ಒಂದು ಪೆನ್ನಿ ಕೊಡುತ್ತ ಬಂದಿದ್ದಾರೆ. ಕೊಟ್ಟ ಪೆನ್ನಿ ಚಿಕ್ಕದು. ಆದರೆ ಕೊಟ್ಟವನಿಗೆ ಹೋರಾಟ ತನ್ನದಾಯಿತು. ಅವನೀಗ ಗಂಟಲು ಸರಿಮಾಡಿಕೊಂಡು ಹೇಳುತ್ತಾನೆ: "ಓಕಾನೆಲ್." ಹಿಂದಿನವನೂ ಅದೇ ಹೆಸರು ಹೇಳುತ್ತಾನೆ, ಅವನ ಹಿಂದಿನವನೂ.

ಜುಲೈ 5ರಂದು ಎಣಿಕೆ ಹೊರಬಿದ್ದಾಗ ಓಕಾನೆಲ್‌ಗೆ 2,057 ಮತ, ಫಿಟ್ಜ್‌ಜೆರಾಲ್ಡ್‌ಗೆ 982. ಪೇಟೆ ಸಂಭ್ರಮಿಸುತ್ತದೆ, ಲಂಡನ್ ಬೆವರುತ್ತದೆ. ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯದಿದ್ದರೆ ಐರ್ಲೆಂಡಿನಲ್ಲಿ ಅಂತರ್ಯುದ್ಧವೇ ಆದೀತೆಂದು ಪ್ರಧಾನಿ ವೆಲಿಂಗ್ಟನ್, ಗೃಹಮಂತ್ರಿ ಪೀಲ್ ಇಬ್ಬರಿಗೂ ಮನವರಿಕೆಯಾಗುತ್ತದೆ. 1829ರ ಏಪ್ರಿಲ್ 13ರಂದು ವಿಮೋಚನಾ ಕಾಯ್ದೆಗೆ ದೊರೆಯ ಅಂಕಿತ ಬೀಳುತ್ತದೆ. ಮೇ ತಿಂಗಳಲ್ಲಿ, ಕಾಯ್ದೆಗೆ ಮೊದಲೇ ಗೆದ್ದವನೆಂದು ಹಳೆಯ ಪ್ರಮಾಣವಚನ ಮುಂದಿಟ್ಟಾಗ ಓಕಾನೆಲ್ ಅದನ್ನು ನಿರಾಕರಿಸುತ್ತಾನೆ. ಕ್ಲೇರ್‌ನಲ್ಲಿ ಅವಿರೋಧವಾಗಿ ಮರು ಆಯ್ಕೆಯಾಗಿ, ಹೊಸ ಪ್ರಮಾಣದೊಂದಿಗೆ ಒಳಗೆ ಹೋಗುತ್ತಾನೆ.

ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಕಾಯ್ದೆಯೂ ಬಂತು. ಐರ್ಲೆಂಡಿನ ಸೀಮೆಗಳಲ್ಲಿ ಮತದಾನದ ಅರ್ಹತೆಯನ್ನು 40 ಷಿಲಿಂಗ್‌ನಿಂದ 10 ಪೌಂಡ್‌ಗೆ, ಅಂದರೆ ಐದು ಪಟ್ಟು, ಏರಿಸಲಾಯಿತು. ವಕೀಲರಿಗೆ, ಜಮೀನ್ದಾರರಿಗೆ ಸಂಸತ್ತಿನ ಬಾಗಿಲು ತೆರೆದುಕೊಟ್ಟ ಎನ್ನಿಸ್‌ನ ಬಡ ರೈತ ತನ್ನ ಮತವನ್ನೇ ಕಳೆದುಕೊಂಡ. ವಿಮೋಚನೆಯ ಕೀರ್ತಿ ಓಕಾನೆಲ್‌ಗೆ ಸಂದಿದೆ. ಅದರ ಬೆಲೆ ತೆತ್ತವನು ಈ ರೈತ.