ಹತ್ತು ಸೆಕೆಂಡಿನ ದನಿ

ಮುಚ್ಚಿದ ಪೆಟ್ಟಿಗೆಯ ವಿಷಯದಲ್ಲಿ ಮನುಷ್ಯರು ಎರಡು ಬಗೆ. ಮಿಕ್ಸಿ ತಿರುಗುವುದನ್ನು ನಿಲ್ಲಿಸಿದರೆ ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ನಡೆಯುವವರು ಒಂದು ಬಗೆ. ಸ್ಕ್ರೂಡ್ರೈವರ್ ಎಲ್ಲಿದೆ ಎಂದು ಕೇಳುವವರು ಇನ್ನೊಂದು. ನಾನು ಮೊದಲನೆಯ ಗುಂಪಿನವಳು. ನನ್ನ ಮಗಳು ಎರಡನೆಯ ಗುಂಪಿಗೆ ಸೇರಿದ್ದು ಹೇಗೆಂದು ಯೋಚಿಸಿದರೆ ನಮ್ಮನೆಯವರ ಕಡೆಗೇ ಬೆರಳು ತೋರಿಸಬೇಕಾಗುತ್ತದೆ. ಮದುವೆಯಾದ ಹೊಸತರಲ್ಲಿ ಅವರು ಬಿಚ್ಚಿದ ಟೇಪ್ ರೆಕಾರ್ಡರ್ ಒಂದು ಅಟ್ಟದ ಮೇಲೆ ಇನ್ನೂ ಬಿಚ್ಚಿದ ಸ್ಥಿತಿಯಲ್ಲೇ ಇದೆ.

ಹಾಗಾಗಿ ಕಳೆದ ಬೇಸಿಗೆ ರಜೆಯಲ್ಲಿ ಮಗಳು, "ಅಮ್ಮಾ, ಅಣ್ಣನ ಗೇಮ್ ಡಬ್ಬಿಗೆ ಹೋಂಬ್ರೂ ಹಾಕ್ತೀನಿ" ಎಂದಾಗ ನನ್ನ ಬಾಯಿಂದ ಮೊದಲು ಬಂದದ್ದು "ಬೇಡ" ಎಂಬ ಮಾತೇ.

ಆ ಡಬ್ಬಿಯ ಕಥೆ ಸ್ವಲ್ಪ ಹೇಳಬೇಕು. ನಿಂಟೆಂಡೊ ಕಂಪನಿಯವರು 2011ರಲ್ಲಿ ಹೊರತಂದ ತ್ರೀಡಿಎಸ್ ಅದು. ಕನ್ನಡಕದ ಗೂಡಿನ ಹಾಗೆ ಮಡಚುತ್ತದೆ. ಒಳಗೆ ಮೇಲೊಂದು, ಕೆಳಗೊಂದು ಪರದೆ. 2013ರಲ್ಲಿ ಅಮೆರಿಕದಿಂದ ಅಕ್ಕ ಬಂದಿದ್ದಾಗ ಅವಳ ಮಗ ಇದನ್ನು ಹಿಡಿದುಕೊಂಡು ಶಿವಮೊಗ್ಗದ ನಮ್ಮ ಮನೆಯ ತುಂಬ ಓಡಾಡಿದ. ಅದರಲ್ಲಿ ದನಿ ಹಿಡಿಯುವ ಸೌಕರ್ಯವೊಂದಿದೆ. ಒಂದು ಸಲಕ್ಕೆ ಹತ್ತೇ ಸೆಕೆಂಡು. ಹಿಡಿದ ದನಿಯನ್ನು ಬೇಗ ಓಡಿಸಿ, ನಿಧಾನ ಮಾಡಿ, ಸೊಟ್ಟ ಮಾಡಿ ಕೇಳಿ ನಗಬಹುದು. ಹುಡುಗ ಬೆಕ್ಕನ್ನು, ಕುಕ್ಕರಿನ ಸೀಟಿಯನ್ನು, ಸೊಪ್ಪಿನವಳ ಕೂಗನ್ನು ಹಿಡಿದ. ಒಂದು ದಿನ ಅಡುಗೆಮನೆಗೆ ನುಗ್ಗಿ ನಮ್ಮಮ್ಮನ ದನಿಯನ್ನೂ ಹಿಡಿದ.

2016ರಲ್ಲಿ ಅಮ್ಮ ತೀರಿಕೊಂಡಳು. ಆಮೇಲೆ ಹುಡುಕಿದರೆ ಅಮ್ಮನ ದನಿ ಬೇರೆಲ್ಲೂ ಇಲ್ಲ. ಫೋಟೊಗಳಿವೆ. ಮದುವೆಯ ವಿಡಿಯೊಗಳೂ ಇವೆ, ಆದರೆ ಅದರಲ್ಲಿ ಅಮ್ಮ ಬಾಯಿ ಆಡಿಸುತ್ತಾಳೆ, ಕೇಳುವುದು ವಾಲಗ.

ಅಕ್ಕನ ಮಗ ದೊಡ್ಡವನಾಗಿ ಡಬ್ಬಿಯನ್ನು ನನ್ನ ಮಗಳಿಗೆ ಬಿಟ್ಟುಹೋದ. ವರ್ಷಕ್ಕೊಮ್ಮೆ, ಅಮ್ಮನ ತಿಥಿಯ ದಿನ, ಎಲ್ಲರ ಊಟವಾದ ಮೇಲೆ ನಾನು ಅದನ್ನು ತೆರೆದು ಕೇಳುವುದಿತ್ತು. ಕಳೆದ ವರ್ಷ ನೋಡಿದರೆ ಬೆನ್ನು ಸ್ವಲ್ಪ ಉಬ್ಬಿದೆ. ಬ್ಯಾಟರಿ ಊದಿಕೊಂಡಿತ್ತು. ಈ ಲಿಥಿಯಂ ಬ್ಯಾಟರಿಗಳು ಹಳತಾದಾಗ ಒಳಗೆ ಅನಿಲ ತುಂಬಿ ಹಾಗಾಗುತ್ತವೆ. ಚುಚ್ಚಿದರೆ, ಒತ್ತಿದರೆ ಬೆಂಕಿ ಹತ್ತಬಹುದು. ನಿಮ್ಮ ಮನೆಯ ಹಳೆಯ ಮೊಬೈಲುಗಳನ್ನೂ ಒಮ್ಮೆ ಕಪಾಟಿನಿಂದ ತೆಗೆದು ನೋಡಿ.

ಬ್ಯಾಟರಿ ಬದಲಾಯಿಸಬಹುದು, ಹಿಂಬದಿಯ ಮುಚ್ಚಳಕ್ಕೆ ಎರಡೇ ಸ್ಕ್ರೂ. ಆದರೆ ಡಬ್ಬಿಯೇ ಒಂದು ದಿನ ಕಣ್ಣು ಮುಚ್ಚಿದರೆ? ಅಮ್ಮನ ದನಿ ಕೂತಿರುವುದು ಹೊರಗೆ ತೆಗೆಯಬಹುದಾದ ಕಾರ್ಡಿನಲ್ಲಲ್ಲ, ಒಳಗಿನ ಬೆಸೆದ ಚಿಪ್ಪಿನಲ್ಲಿ. ಆ ಚಿಪ್ಪನ್ನು ಕಿತ್ತು ಓದಿದರೂ ಪ್ರಯೋಜನವಿಲ್ಲ. ಅದರಲ್ಲಿರುವುದಕ್ಕೆಲ್ಲ ಆಯಾ ಡಬ್ಬಿಯದೇ ಬೀಗ. ದನಿಯನ್ನು ಅಲ್ಲಿಂದ ಕಾರ್ಡಿಗೆ ಕಳಿಸುವ ದಾರಿ ಮೆನುವಿನಲ್ಲೆಲ್ಲ ಹುಡುಕಿದರೂ ನಮಗೆ ಸಿಗಲಿಲ್ಲ.

"ಫೋನು ಹತ್ತಿರ ಹಿಡಿದು ರೆಕಾರ್ಡ್ ಮಾಡ್ಕೊಂಡ್ರಾಯ್ತು" ಎಂದರು ನಮ್ಮನೆಯವರು. ಅವರ ಮಾತಿನಲ್ಲಿ ವಿವೇಕವಿರುವ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು. ಕೂಡಲೇ ಹಾಗೆ ಮಾಡಿದೆವು. ಅಮ್ಮ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿತು. ಆದರೂ ಕೈಯಲ್ಲೊಂದು ಇರಲಿ ಎಂದು ಇಟ್ಟುಕೊಂಡೆವು. ಹಾಗೆಯೇ ಫೋಟೊಗಳನ್ನು ಕಾರ್ಡಿಗೆ ಕಳಿಸಲು ಕಂಪನಿಯವರೇ ದಾರಿ ಇಟ್ಟಿದ್ದರು, ಅವನ್ನೂ ತೆಗೆದೆವು. ಮುಂಬಾಗಿಲಿನಿಂದ ತರಬಹುದಾದದ್ದನ್ನೆಲ್ಲ ಮೊದಲು ತಂದುಕೊಂಡು ಆಮೇಲೆ ಹಿತ್ತಿಲ ಬಾಗಿಲಿನ ಮಾತು.

ಹೋಂಬ್ರೂ ಎಂದರೆ ಆ ಹಿತ್ತಿಲ ಬಾಗಿಲು. ಹೆಸರು ಬಂದದ್ದು ಮನೆಯಲ್ಲೇ ಕಾಸಿದ ಬಿಯರಿನಿಂದಂತೆ. ಅತ್ತೆಯವರಿಗೆ ಈ ವಿವರ ಹೇಳಲಿಲ್ಲ. ಕಂಪನಿಯ ಒಪ್ಪಿಗೆಯಿಲ್ಲದೆ, ಹವ್ಯಾಸಿಗಳು ತಾವೇ ಬರೆದ ಆಟಗಳನ್ನು, ಉಪಕರಣಗಳನ್ನು ಡಬ್ಬಿಯಲ್ಲಿ ನಡೆಸುವುದು. ಮಗಳಿಗೆ ಅದರಲ್ಲಿ ಅಳಗುಳಿಮಣೆ ಮಾಡುವ ಆಸೆ. ನನಗೆ ಬೇಕಾಗಿದ್ದು ಬೇರೆ: ಒಳಗಿನ ಚಿಪ್ಪಿನಲ್ಲಿರುವುದನ್ನು ಹೊರಗೆ ನಕಲು ಮಾಡಿಕೊಡುವ ಗಾಡ್‌ಮೋಡ್‌ನೈನ್ ಎಂಬ ಉಪಕರಣ. ಹೆಸರು ಅಹಂಕಾರದ್ದಾದರೂ ಕೆಲಸ ಒಳ್ಳೆಯದು.

ತೊಂದರೆ ಇರುವುದು ಒಳಹೊಗುವ ಘಳಿಗೆಯಲ್ಲಿ. ಡಬ್ಬಿ ಹೊತ್ತಿಕೊಂಡ ಕೂಡಲೇ ತಾನು ಯಾರು, ಏನು ಮಾಡಬೇಕು ಎಂದು ಓದಿಕೊಳ್ಳುವ ಬರಹವೊಂದು ಒಳಗಿದೆ. ಅದನ್ನು ತಿದ್ದಬೇಕು. ತಿದ್ದುವಾಗ ಚಾರ್ಜು ಮುಗಿದರೆ, ಕಾರ್ಡು ಕೈಕೊಟ್ಟರೆ, ಬೇರೆ ಮಾದರಿಯ ಕಡತ ಸೇರಿಕೊಂಡರೆ ಡಬ್ಬಿ ಮತ್ತೆ ಏಳುವುದಿಲ್ಲ. "ಇಟ್ಟಿಗೆ ಆಯ್ತು" ಎನ್ನುತ್ತಾರೆ ಬಲ್ಲವರು. ಒಳಗಿನದರ ಪೂರ್ತಿ ನಕಲು ತೆಗೆದಿಟ್ಟರೆ ಇಟ್ಟಿಗೆಯಾದರೂ ಬದುಕಿಸಬಹುದು. ಆದರೆ ಆ ನಕಲು ತೆಗೆಯಲು ಮೊದಲು ಒಳಗೆ ಹೋಗಬೇಕು! ಅಮ್ಮನ ದನಿಯನ್ನು ಉಳಿಸುವ ದಾರಿಯೂ ಕಳೆಯುವ ದಾರಿಯೂ ಒಂದೇ ಆಗಿತ್ತು.

ಪೇಟೆಯ ಅಂಗಡಿಯೊಬ್ಬನಿಗೆ ತೋರಿಸಿದೆ. ಅವನು ಡಬ್ಬಿಯನ್ನು ಅತ್ತಿತ್ತ ತಿರುಗಿಸಿ, "ಎಲ್ಲಾ ಅಳಿಸಿ ಹೊಸದು ಮಾಡ್ಕೊಡ್ತೀನಿ ಮೇಡಂ, ಇನ್ನೂರು ಗೇಮ್ ಫ್ರೀ" ಎಂದ. ಅವನ ಕೈಯಿಂದ ಕಿತ್ತುಕೊಂಡು ಬಂದೆ ಎಂದರೂ ಸರಿಯೇ. ಆ ಇನ್ನೂರು ಆಟಗಳು ಕದ್ದವು ಎಂದು ಬೇರೆ ಹೇಳಬೇಕೆ? ಹೋಂಬ್ರೂವಿಗೆ ಕೆಟ್ಟ ಹೆಸರು ಬಂದದ್ದೇ ಇದರಿಂದ. ನಿಂಟೆಂಡೊದವರ ಸ್ವಿಚ್ ಯಂತ್ರಕ್ಕೆ ಕಳ್ಳ ಆಟ ನಡೆಸುವ ಸಾಧನಗಳನ್ನು ಮಾರಿದ ಗುಂಪಿನ ಗ್ಯಾರಿ ಬೌಸರ್ ಎಂಬಾತನಿಗೆ 2022ರಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆವಾಸ ವಿಧಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೂ 2012ರಲ್ಲಿ 65ಎ ಎಂಬ ಕಲಮು ಸೇರಿದೆ: ಕೃತಿಯ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ಉದ್ದೇಶ ಎಂಬ ಮಾತು ಮುಖ್ಯ. ಸ್ವಂತ ತಾಯಿಯ ದನಿಗೆ ಯಾವ ಕಂಪನಿಯ ಹಕ್ಕಿದೆ ಎಂದು ನಾನು ಮಗಳ ಮುಂದೆ ವಕೀಲಿಕೆ ಮಾಡಿದೆ. ವಾರದ ಹಿಂದೆ "ಬೇಡ" ಎಂದವಳು ನಾನೇ ಎಂದು ಅವಳು ನೆನಪಿಸಿದಳು.

ಮಗಳು ತಾಳ್ಮೆಯಿಂದ ಓದುತ್ತಾಳೆ ಎಂಬುದು ನನಗೆ ಧೈರ್ಯ ಕೊಟ್ಟ ಸಂಗತಿ. 2005ರಲ್ಲಿ ಸೋನಿಯ ಪಿಎಸ್‌ಪಿ ಎಂಬ ಕೈಡಬ್ಬಿಗೆ, ಹಳೆಯ ಆವೃತ್ತಿಗೆ ಇಳಿಸಿಕೊಡುತ್ತೇನೆ ಎಂದು ವೇಷ ಹಾಕಿ ಬಂದ ಕಡತವೊಂದು ಒಳಗಿನ ಮುಖ್ಯ ಕಡತಗಳನ್ನೇ ಅಳಿಸಿ ಇಟ್ಟಿಗೆ ಮಾಡಿತ್ತು. ಅದಕ್ಕೇ ಸಿಕ್ಕಸಿಕ್ಕಲ್ಲಿಂದ ಕಡತ ತರಬಾರದು, ಬರೆದವರೇ ಕೊಡುವ ಜಾಗದಿಂದಲೇ ತರಬೇಕು ಎಂದಳು. ತ್ರೀಡಿಎಸ್‌ಗೂ ಮೊದಮೊದಲು ತೀರ ಹಳೆಯ ಆವೃತ್ತಿಗೆ ಇಳಿಸಿ ಹತ್ತಿಸಬೇಕಿತ್ತಂತೆ, ಅದರಲ್ಲಿ ಕೆಟ್ಟವು ಕೆಲವು. 2017ರಲ್ಲಿ ಬೂಟ್‌ನೈನ್‌ಸ್ಟ್ರಾಪ್ ಬಂದ ಮೇಲೆ ಆ ಗಂಡಾಂತರ ತಪ್ಪಿತು. ಅದೇ ವರ್ಷ ಇನ್ನೊಂದು ಉಪಾಯವೂ ಬಂತು: ಇಟ್ಟಿಗೆಯಾದ ಡಬ್ಬಿಗೂ ವಿಶೇಷ ಕಾರ್ಟ್ರಿಜ್ ಒಂದನ್ನು ಸಿಕ್ಕಿಸಿ, ಮೂರು ಗುಂಡಿ ಒತ್ತಿ, ಮುಚ್ಚಳದ ಜಾಗಕ್ಕೆ ಆಯಸ್ಕಾಂತ ಹಿಡಿದು ಎಬ್ಬಿಸುವುದು. ಡಬ್ಬಿ ತಾನು ಮಡಚಿಕೊಂಡಿದ್ದೇನೆ ಎಂದು ತಿಳಿಯುವುದು ಆಯಸ್ಕಾಂತದಿಂದ. ನಾವು ಸುಳ್ಳು ಹೇಳಿದರೆ ನಂಬುತ್ತದೆ. ಕಾರ್ಖಾನೆಯಲ್ಲೇ ಅಚ್ಚಾದ ಭಾಗದಲ್ಲಿ ಈ ದಾರಿ ಇರುವುದರಿಂದ ಅದನ್ನು ಯಾರೂ ಕೆಡಿಸಲಾರರು. ಇದನ್ನು ಕೇಳಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಆದರೂ ಆ ಭಾನುವಾರ ನಾನು ಮಡಿ ಉಟ್ಟವಳ ಹಾಗೆ ದೂರವೇ ನಿಂತೆ. ಹೊಸ ಬ್ಯಾಟರಿ ಹಾಕಿ, ಹಳೆಯದನ್ನು ವಿದ್ಯುತ್ ಕಸ ಒಯ್ಯುವವರಿಗೆ ಕೊಟ್ಟಾಗಿತ್ತು. ಚಾರ್ಜು ತುಂಬಿತ್ತು. ಕಾರ್ಡು ನಕಲಿಯಲ್ಲ ಎಂದು ಹಿಂದಿನ ದಿನವೇ ಪರೀಕ್ಷಿಸಿದ್ದಳು. ಡಬ್ಬಿಯ ಆವೃತ್ತಿಯ ಸಂಖ್ಯೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದು, ಯಾವ ವಿಧಾನ ಅದಕ್ಕೆ ಹೊಂದುತ್ತದೆ ಎಂದು ಎರಡೆರಡು ಸಲ ನೋಡಿದಳು. ವಿಡಿಯೊ ಕಾಲಿನಲ್ಲಿ ಅಕ್ಕನ ಮಗ. ಅವನ ಹಿಂದೆ ನಿದ್ದೆಗಣ್ಣಿನ ಅಕ್ಕ.

ಒಂದು ಹಂತದಲ್ಲಿ ಪರದೆ ಕಪ್ಪಾಯಿತು. ಕೆಲವು ನಿಮಿಷ ಹಾಗೇ ಇರಬಹುದು, ಗುಂಡಿ ಮುಟ್ಟಬಾರದು ಎಂದು ಓದಿದ್ದೆವು. ಓದಿದ್ದೇ ಬೇರೆ, ಕೂತು ಕಾಯುವುದೇ ಬೇರೆ. "ಒಂದ್ಸಲ ಆಫ್ ಮಾಡಿ ನೋಡು" ಎಂದು ನಮ್ಮನೆಯವರು ಶುರುಮಾಡಿದರು. ನಾನು ಅವರನ್ನು ಹಾಲು ತರಲು ಕಳಿಸಿದೆ. ಅಮೆರಿಕದ ಕಡೆಯಿಂದಲೂ ಯಾರೂ ಮಾತಾಡಲಿಲ್ಲ. ಆಮೇಲೆ ಬೆಳಕು ಬಂತು.

ಮೊದಲು ಒಳಗಿನದೆಲ್ಲದರ ಪೂರ್ತಿ ನಕಲು, ಸುಮಾರು ಒಂದು ಜಿಬಿ. ಅದನ್ನು ಎರಡು ಕಡೆ ಇಟ್ಟಳು. ಅದಾದ ಮೇಲೆಯೇ ದನಿಗಳ ಕಡತ. ಬೆಕ್ಕು ಬಂತು, ಕುಕ್ಕರು ಬಂತು. ಏಳನೆಯದು ಅಮ್ಮ.

"ಏ ಪುಟ್ಟಾ, ಒಗ್ಗರಣೆ ಸಿಡೀತದೆ, ಆಚೆ ನಿಲ್ಲು. ಏನೋ ಅದು ಕೈಯಲ್ಲಿ?" ಸಾಸಿವೆ ಚಟಪಟ ಎನ್ನುತ್ತದೆ. ಕೊನೆಗೆ ಇನ್ನೊಂದು ಮಾತು. ಫೋನಿನ ರೆಕಾರ್ಡಿನಲ್ಲಿ ಅದು ಇರಲೇ ಇಲ್ಲ, ಬರೀ ಗೊರಗೊರ. ಈಗ ಇದೆ, ಆದರೆ ಸಾಸಿವೆಯ ಸದ್ದಿನಲ್ಲಿ ಅರ್ಧ ಮುಳುಗಿದೆ. "ಇಲ್ ಕೊಡು" ಎಂದು ಅಕ್ಕ. ಡಬ್ಬಿಯನ್ನು ಕೇಳುತ್ತಿದ್ದಾಳಂತೆ. "ಇಂಗು ಕೊಡು" ಎಂದು ನಾನು. ನನ್ನ ಕಡೆ ತಿರುಗಿ ಹೇಳಿದ್ದು. ಅವತ್ತು ಪಕ್ಕದಲ್ಲೇ ತೆಂಗಿನಕಾಯಿ ತುರಿಯುತ್ತಿದ್ದವಳು ನಾನಲ್ಲವೆ? ಫೋನಿನಲ್ಲಿ ದಿನಾ ಇದೇ ಜಗಳ ನಡೆದಿದೆ. ಮುಂದಿನ ತಿಂಗಳು ಸಾಗರದಿಂದ ಚಿಕ್ಕಮ್ಮ ಬರುತ್ತಾರೆ. ಅಮ್ಮನಿಗಿಂತ ಆರು ವರ್ಷಕ್ಕೆ ಚಿಕ್ಕವರು, ಕಿವಿ ಇನ್ನೂ ಚುರುಕು.