ರಿಪೇರಿಯೋ, ಗುಜರಿಯೋ

ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ಹೊಸದು ತರೋಣ ಎಂಬ ಮಾತು ಯಾರ ಬಾಯಲ್ಲೂ ಮೊದಲಿಗೆ ಬರುವುದಿಲ್ಲ. ಬೋರಿನಿಂದ ಮೇಲೆತ್ತಿ, ಗೂಡ್ಸ್ ಆಟೋಗೆ ಹೇರಿ, ರೀವೈಂಡಿಂಗ್ ಅಂಗಡಿಯ ಮುಂದೆ ಇಳಿಸುತ್ತಾರೆ. ಅಂಗಡಿಯವನು ಕರಕಲಾದ ತಾಮ್ರದ ತಂತಿ ಕಿತ್ತು ಹೊಸದು ಸುತ್ತುತ್ತಾನೆ, ಹಳೇ ತಾಮ್ರವನ್ನು ತೂಕಕ್ಕೆ ಹಾಕಿ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ. ಕಂಪನಿಯ ಹೆಸರೇ ಅಳಿಸಿಹೋದ, ಆದರೂ ನೀರೆತ್ತುವ ಮೋಟರುಗಳು ಊರೂರಲ್ಲಿವೆ. ಹೊಗೆಸೊಪ್ಪಿನ ಬ್ಯಾರನ್ನಿನ ತಗಡಿನ ಕೊಳವೆ ತೂತಾದರೆ ತೇಪೆ, ಟಿಲ್ಲರು ಮುರಿದರೆ ವೆಲ್ಡಿಂಗು. ‘ಇದಾಗಲ್ಲ, ಬಿಸಾಕಿ’ ಅಂತ ರಿಪೇರಿಯವನೇ ಹೇಳುವಂಥ ಯಂತ್ರ ಈ ಕಡೆಗೆ ಬಂದದ್ದು ಕಂಪ್ಯೂಟರಿನ ರೂಪದಲ್ಲೇ ಇರಬೇಕು.

ನಮ್ಮ ಮನೆಗೆ ಅದು ಬಂದದ್ದು 2003ರಲ್ಲಿ, ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ. ಹರಾಜಿನಿಂದ ಬಂದ ಹಣ ನಮ್ಮಲ್ಲಿ ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವುದೇ: ಸೊಸೈಟಿ ಸಾಲ, ಗೊಬ್ಬರದಂಗಡಿಯ ಬಾಕಿ, ಯಾರದಾದರೂ ಮದುವೆ. ಆ ವರ್ಷ ಒಂದು ಪಾಲು ದಾರಿ ತಪ್ಪಿ ಮೈಸೂರಿನ ಕಂಪ್ಯೂಟರ್ ಅಂಗಡಿಗೆ ಹೋಯಿತು. ಅದೇ ದುಡ್ಡಿಗೆ ಒಂದು ಜೊತೆ ಎತ್ತು ಬರುತ್ತಿತ್ತಲ್ಲ ಎಂಬುದು ನಮ್ಮತ್ತೆಯ ಸಂಕಟ. ‘ಎತ್ತು ಸಗಣಿನಾದ್ರೂ ಹಾಕ್ತವೆ ಕಣವ್ವ’ ಅಂದಿದ್ದರು. ಪೆಂಟಿಯಂ ಫೋರ್, 256 ಎಂಬಿ ರ‍್ಯಾಮು, 40 ಜಿಬಿ ಹಾರ್ಡ್ ಡಿಸ್ಕು, ಗೋಡೆಗೂಡಿನಷ್ಟು ಆಳದ ಮಾನಿಟರು. ಕಂಪನಿಯ ಮಾಲಲ್ಲ, ಬಿಡಿಭಾಗ ತಂದು ಜೋಡಿಸಿದ ‘ಅಸೆಂಬಲ್ಡು’. ಅದಕ್ಕೆ ಊರು, ಕುಲ, ಗೋತ್ರ ಯಾವುದೂ ಇರಲಿಲ್ಲ.

ಆ ಹೊತ್ತಿಗೆ ನಮ್ಮ ರೈತರಿಗೆ ಕಂಪ್ಯೂಟರ್ ಎಂದರೆ ಪಹಣಿ. ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ನಡೆಯದಂತಾಗಿ, ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಹದಿನೈದು ರೂಪಾಯಿ ಹಿಡಿದು ಸಾಲು ನಿಲ್ಲುವ ಕಾಲ ಶುರುವಾಗಿತ್ತು. ಆ ಯೋಜನೆಯಲ್ಲಿ ನನಗೆ ಹಿಡಿಸಿದ ಏರ್ಪಾಟು ಒಂದಿದೆ: ಒಳಗೆ ಕೂತವನಿಗೊಂದು ಪರದೆ, ಹೊರಗೆ ನಿಂತ ರೈತನಿಗೆ ಕಾಣುವಂತೆ ಇನ್ನೊಂದು. ತನ್ನ ಸರ್ವೆ ನಂಬರು, ತನ್ನಪ್ಪನ ಹೆಸರು ಗಾಜಿನಲ್ಲಿ ಮೂಡುವುದನ್ನು ರೈತ ನಿಂತಲ್ಲೇ ನೋಡಬಹುದಿತ್ತು. ಶ್ಯಾನುಭೋಗರ ಪುಸ್ತಕವನ್ನು ತಲೆತಲಾಂತರದಿಂದ ಬೆನ್ನ ಹಿಂದಿನಿಂದಲೇ ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಶಾಲೆಗಳಲ್ಲಿ ಅದರ ಗತ್ತೇ ಬೇರೆ. ಎಚ್.ಡಿ. ಕೋಟೆ ತಾಲ್ಲೂಕಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕರೆಂಟು ಇದ್ದದ್ದೇ ಕಮ್ಮಿ. ಇದ್ದಾಗ ಮಕ್ಕಳು ಇಲಿಯನ್ನು, ಅಂದರೆ ಮೌಸನ್ನು, ಸರದಿಯಲ್ಲಿ ಮುಟ್ಟಿ ಬರುತ್ತಿದ್ದರು. ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡಷ್ಟೇ ಹೊತ್ತು.

ಭಕ್ತಿ ಮನೆಯಲ್ಲೂ ಇತ್ತು. ಮೈಸೂರು ಜಿಲ್ಲೆಯವರಿಗೆ ಆಯುಧಪೂಜೆ ಹೇಳಿಕೊಡಬೇಕಾಗಿಲ್ಲ. ಕುಡುಗೋಲು, ಸ್ಕೂಟರು, ಹೊಲಿಗೆ ಮಿಷನ್ನಿನ ಜೊತೆಗೆ ಸಿಪಿಯುಗೂ ಚೆಂಡುಹೂವು ಏರಿಸಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗುತ್ತಿದ್ದೆವು. ಮೊನ್ನೆ ಅದು ಸದ್ದಿಲ್ಲದೆ ನಿಂತುಹೋದಾಗ ಹುಣಸೂರಿನ ರಿಪೇರಿ ಹುಡುಗ, ನನ್ನ ಹಳೇ ಶಿಷ್ಯನೇ, ಪಕ್ಕದ ಬಾಗಿಲು ಬಿಚ್ಚಿ ಒಳಗೆ ಟಾರ್ಚು ಹಾಕಿದ. ಫ್ಯಾನಿನ ಎಸಳುಗಳ ಮೇಲೆ ಧೂಳಿನ ಕಂಬಳಿ, ಕಂಬಳಿಯ ಅಂಚಿಗೆ ವರ್ಷವರ್ಷದ ದಸರೆಯ ಕುಂಕುಮ, ಒಣಗಿದ ಒಂದು ಹೂವಿನ ಎಸಳು, ಒಂದು ಹಲ್ಲಿಮೊಟ್ಟೆಯ ಸಿಪ್ಪೆ. ‘ಮೇಡಂ, ಇದನ್ನಿನ್ನೂ ಮಡಗಿದ್ದೀರಾ?’ ಅಂದ. ಆ ದನಿಯಲ್ಲಿ ಗೌರವವೂ ಇತ್ತು, ಕನಿಕರವೂ ಇತ್ತು.

ರ‍್ಯಾಮು ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಕಂಪ್ಯೂಟರ್ ವೈದ್ಯದಲ್ಲಿ ಇದಕ್ಕಿಂತ ಅಗ್ಗದ ಔಷಧಿ ಇಲ್ಲ, ಅರ್ಧ ಕಾಯಿಲೆ ಇದರಲ್ಲೇ ವಾಸಿಯಂತೆ. ನಮ್ಮದು ಇನ್ನರ್ಧಕ್ಕೆ ಸೇರಿದ್ದು. ಎಸ್‌ಎಂಪಿಎಸ್, ಅಂದರೆ ಒಳಗೆಲ್ಲ ಕರೆಂಟು ಹಂಚುವ ಡಬ್ಬಿ, ಸತ್ತಿತ್ತು. ಮದರ್‌ಬೋರ್ಡಿನ ಮೇಲೆ ಸಾಲಾಗಿ ನಿಂತ ಸಣ್ಣ ಡಬ್ಬಿಗಳನ್ನು, ಕೆಪಾಸಿಟರುಗಳನ್ನು, ತೋರಿಸಿದ. ಅವುಗಳ ತಲೆಯ ಮೇಲೆ ಅಡ್ಡ ಉದ್ದ ಗೀರಿರುತ್ತದೆ. ಒಳಗೆ ಒತ್ತಡ ಹೆಚ್ಚಿದರೆ ಸಿಡಿಯದೆ ಅಲ್ಲೇ ಬಿರಿಯಲಿ ಅಂತ. ನಮ್ಮವು ತಲೆ ಉಬ್ಬಿಸಿಕೊಂಡು, ಒಂದೆರಡು ಬಿರಿದು ಕಂದು ಅಂಟು ಕಾರಿದ್ದವು. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಪ್ರಪಂಚದಾದ್ಯಂತ ಕಂಡ ಜಾಡ್ಯ ಇದು. ಒಳಗಿನ ದ್ರಾವಣ ಸರಿಯಿಲ್ಲದ ಕೆಪಾಸಿಟರುಗಳು, ಹೆಚ್ಚಿನವು ತೈವಾನಿನವು, ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳಿಗೂ ಸೇರಿಕೊಂಡು ಎರಡು ಮೂರು ವರ್ಷಕ್ಕೇ ಉಬ್ಬಿದವು. ನಮ್ಮದು ಇಷ್ಟು ದಿನ ತಾಳಿದ್ದೇ ಹೆಚ್ಚು.

ಮೂರನೆಯದು ಗಡಿಯಾರದ ಬ್ಯಾಟರಿ, ಒಂದು ರೂಪಾಯಿಯ ನಾಣ್ಯದಂಥ ಗುಂಡು ಬಿಲ್ಲೆ. ಅದು ಹೋಗಿ ಯಾವುದೋ ಕಾಲವಾಗಿತ್ತು. ಹಾಗಾಗಿ ನಮ್ಮ ಕಂಪ್ಯೂಟರ್ ದಿನಾ ಬೆಳಿಗ್ಗೆ ಎದ್ದರೆ 2002ರ ಜನವರಿ 1ರಲ್ಲಿರುತ್ತಿತ್ತು. ಅದರ ಪಾಲಿಗೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ವಾಜಪೇಯಿ ಪ್ರಧಾನಿ, ಅಣ್ಣಾವ್ರು ಕಾಡಿನಿಂದ ವಾಪಸಾಗಿ ವರ್ಷ ದಾಟಿದೆ ಅಷ್ಟೆ. ನಮ್ಮೆಜಮಾನರಿಗೆ ಇದು ಬಹಳ ಹಿತವಾದ ರೋಗ ಅನ್ನಿಸಿತ್ತು, ಸರಿಮಾಡಿಸಲು ಬಿಡುತ್ತಿರಲಿಲ್ಲ.

‘ಇದಕ್ಕೆ ಸ್ಪೇರ್ ಎಲ್ಲಿ ಸಿಕ್ತದೆ ಮೇಡಂ? ಬೆಂಗಳೂರು ಎಸ್.ಪಿ. ರೋಡಲ್ಲೂ ಹುಡುಕ್ಬೇಕು. ಗುಜರಿಗೆ ಹಾಕ್ಬಿಡಿ’ ಅಂದ ಶಿಷ್ಯ. ಬೆಂಗಳೂರಿನಿಂದ ಮಗಳೂ ಅದನ್ನೇ ಹೇಳಿದಳು. ‘ಅಮ್ಮಾ, ಆಫೀಸಿನವರು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪು ರೀಫರ್ಬಿಶ್ಡ್ ಅಂತ ಸಿಗುತ್ತೆ. ಇದರ ಹತ್ತು ಪಟ್ಟು ಓಡುತ್ತೆ, ಕರೆಂಟೂ ಉಳಿಯುತ್ತೆ.’ ಎಜಮಾನರದು ಒಂದೇ ಮಾತು: ‘ಮೋಟರ್‌ಗೆ ಮಾಡ್ಸಲ್ವಾ, ಇದ್ಕೂ ಮಾಡ್ಸು.’

ಮಗಳ ಲೆಕ್ಕ ತಪ್ಪಲ್ಲ. ಆದರೆ ಪೆಟ್ಟಿಗೆಯೊಳಗಿದ್ದದ್ದು ಬರೀ ಯಂತ್ರವಲ್ಲ. ನಾನು ಟೈಪು ಕಲಿತದ್ದು ಅದರಲ್ಲೇ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ. ಅದಕ್ಕೂ ಮೊದಲು, 1998ರಲ್ಲೇ, ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು; ನಮ್ಮೂರ ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗಳೆಲ್ಲ ಇವೆರಡರ ಕೂಸುಗಳು. ನುಡಿಯ ಕೀಲಿಮಣೆ ಕೆ.ಪಿ. ರಾಯರ ಜೋಡಣೆ. ಕ ಬೇಕಾದರೆ ಕೆ, ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಕ್ಷರಕ್ಕೆ ನಡುವೆ ಎಫ್. ‘ಅತ್ತೆ’ ಎಂದು ಬರೆಯಲು ಎರಡು ತಕಾರದ ಮಧ್ಯೆ ಎಫ್ ಕುಟ್ಟಬೇಕು. ಅದನ್ನು ನಾನು ಬಹಳ ಸಲ ಕುಟ್ಟಿದ್ದೇನೆ, ಯಾಕೆಂದರೆ ಎತ್ತಿನ ಜೋಡಿ ತಪ್ಪಿಸಿಕೊಂಡ ನಮ್ಮತ್ತೆ ಮದುವೆಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಅವರ ಬಾಯಿಂದ ಕೇಳುತ್ತಾ ಆ ಯಂತ್ರಕ್ಕೇ ತುಂಬಿದ್ದೆ. ಹೂವಿನ ಬುಟ್ಟಿಯ ಹಾಡು, ಬಳೆಗಾರನ ಹಾಡು, ಬೀಗರನ್ನು ಜರೆಯುವ ಹಾಡು. ಅತ್ತೆ ಈಗಿಲ್ಲ. ಪದಗಳ ಒಂದು ಸಾಲೂ ಬೇರೆ ಕಡೆ ಇರಲಿಲ್ಲ.

ಹಾರ್ಡ್ ಡಿಸ್ಕು ಬಿಚ್ಚಿ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದರಾಯ್ತಲ್ಲ ಅನ್ನಬಹುದು. ಸಿಕ್ಕಿಸಿ ನೋಡಿದೆವು. ಹಳೇ ಐಡಿಇ ಡಿಸ್ಕಿಗೆ ಯುಎಸ್‌ಬಿ ಅಡಾಪ್ಟರು ಸಿಗುತ್ತದೆ, ಕಡತಗಳೂ ಬಂದವು. ತೆರೆದರೆ ಸೋಬಾನೆ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಆಗಿನ ನುಡಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸುತ್ತಿತ್ತು. ಆ ಫಾಂಟ್ ಇಲ್ಲದ ಕಡೆ ಕನ್ನಡ ಮಾಯ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಮನೆಯ ತನಕ ಅದು ಬರಲು ವರ್ಷಗಳೇ ಹಿಡಿದವು. ಬದಲಾಯಿಸುವ ತಂತ್ರಾಂಶ ಈಗ ಪುಕ್ಕಟೆ ಸಿಗುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಅರ್ಕಾವತ್ತು ಅಲ್ಲಲ್ಲಿ ಜಾರುತ್ತದೆ, ಆಡುಮಾತಿನ ಪದಗಳಲ್ಲಿ ತಪ್ಪು ಯಾವುದು ಅತ್ತೆಯ ಉಚ್ಚಾರ ಯಾವುದು ತಿಳಿಯುವುದಿಲ್ಲ. ಮೂಲವನ್ನು ಮೂಲದ ಪರದೆಯ ಮೇಲೆ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬೇಕು. ಅಲ್ಲಿಗೆ ನಿರ್ಧಾರವಾಯಿತು.

ಉಬ್ಬಿದ ಕೆಪಾಸಿಟರುಗಳನ್ನು ಕಂಪ್ಯೂಟರ್ ಅಂಗಡಿಯವರು ಮುಟ್ಟಲೊಲ್ಲರು, ಅವರಿಗೆ ಬೋರ್ಡು ಪೂರಾ ಬದಲಿಸಿಯೇ ಅಭ್ಯಾಸ. ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುವ ನಮ್ಮಣ್ಣ ಇದಕ್ಕೆ ಮದ್ದು ಕಂಡುಹಿಡಿದ. ಅವನ ಗಿರಣಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಇವತ್ತಿಗೂ ಕಿರ್‍ರೆಂದು ಬಿಲ್ಲು ಹೊಡೆಯುತ್ತದೆ, ಅದನ್ನು ಬದುಕಿಸಿಟ್ಟವರು ಒಬ್ಬ ಹಳೇ ರೇಡಿಯೋ, ಟೀವಿ ಮೆಕ್ಯಾನಿಕ್ಕು. ಅವರು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾದ ಸಾಲ್ಡರಿಂಗ್ ಕಡ್ಡಿಯಿಂದ ಹಳೇ ಕಾಲುಗಳನ್ನು ಕರಗಿಸಿ ಎಳೆದು, ಅದೇ ವೋಲ್ಟಿನ ಹೊಸವನ್ನು ಬಿಳಿಪಟ್ಟಿಯ ದಿಕ್ಕು ನೋಡಿ ಕೂರಿಸಿದರು. ಎಸ್‌ಎಂಪಿಎಸ್, ಬ್ಯಾಟರಿ, ಕೂಲಿ ಎಲ್ಲ ಸೇರಿ ಸಾವಿರದೊಳಗೇ ಮುಗಿಯಿತು. ಬ್ಯಾಟರಿ ಹಾಕುವಾಗ ಎಜಮಾನರು ತುಸು ಸಪ್ಪಗಾದರು.

ಇಷ್ಟಾದರೂ ಅದನ್ನು ಇಂಟರ್‌ನೆಟ್ಟಿಗೆ ಸಿಕ್ಕಿಸುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಸುರಕ್ಷೆಯ ತೇಪೆ ಬರುವುದು 2014ರ ಏಪ್ರಿಲ್ 8ಕ್ಕೇ ನಿಂತಿತು. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ. ನಗುತ್ತಿದ್ದ ಮಗಳಿಗೂ ಸರದಿ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಗಡುವು ಮುಗಿದಾಗ ಅವಳ ಗಟ್ಟಿಮುಟ್ಟಾದ ಲ್ಯಾಪ್‌ಟಾಪು ಒಂದು ತಿರುಪೂ ಸಡಿಲವಾಗದೆ ಮುದಿಯಾಯಿತು. ಹನ್ನೊಂದಕ್ಕೆ ಏರಿಸೋಣವೆಂದರೆ ಟಿಪಿಎಂ 2.0 ಚಿಪ್ಪು ಬೇಕು, ಇಂಟೆಲ್ಲಿನದಾದರೆ ಎಂಟನೇ ತಲೆಮಾರಿನದ್ದೋ ಆಮೇಲಿನದ್ದೋ ಪ್ರೊಸೆಸರ್ ಬೇಕು. ಕೆಪಾಸಿಟರು ಉಬ್ಬಿದರೆ ಕೆ.ಆರ್. ನಗರದಲ್ಲಿ ಮದ್ದಿದೆ, ಗಡುವು ಉಬ್ಬಿದರೆ ಯಾವ ಮೆಕ್ಯಾನಿಕ್ಕಿನ ಹತ್ತಿರ ಹೋಗುವುದು? ಲಿನಕ್ಸ್ ಹಾಕಿಸಿಕೊಂಡು ಅವಳು ಅದನ್ನೇ ಓಡಿಸುತ್ತಿದ್ದಾಳೆ. ಅಪ್ಪನ ಮಗಳು.

ಬ್ಯಾಂಕು, ಪಿಂಚಣಿ, ಮೊಮ್ಮಗನ ವಿಡಿಯೋ ಕರೆಗೆ ನಾನೂ ಒಂದು ರೀಫರ್ಬಿಶ್ಡ್ ಲ್ಯಾಪ್‌ಟಾಪು ತರಿಸಿಕೊಂಡೆ. ಅಂದರೆ ರಿಪೇರಿಯೂ ಆಯಿತು, ಹೊಸದೂ ಬಂತು. ಸೋಬಾನೆ ಪದಗಳನ್ನು ಎರಡು ಪರದೆ ಎದುರೆದುರು ಇಟ್ಟು ತಿದ್ದುತ್ತಿದ್ದೇನೆ. ತಿದ್ದಿ ಮುಗಿದ ಮೇಲೆ ಹಳೆಯದನ್ನು ಇಟ್ಟುಕೊಳ್ಳುವ ಹಟ ನನಗಿಲ್ಲ. ಆದರೆ ಬೀದಿಯ ಗುಜರಿಯವನಿಗೆ ತೂಕಕ್ಕೆ ಹಾಕುವುದಿಲ್ಲ. ಆ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಒಡೆದು ಲಕ್ಷ್ಮಣತೀರ್ಥದ ದಂಡೆಗೆ ಸುರಿದರೆ ಅದು ಎಲ್ಲರ ಮನೆಗೂ ಬರುತ್ತದೆ. ನೋಂದಾಯಿತ ಇ-ತ್ಯಾಜ್ಯದವರಿಗೇ ಒಪ್ಪಿಸುತ್ತೇನೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ, ಕೊಡುವ ಮುಂಚೆ ಹಾರ್ಡ್ ಡಿಸ್ಕು ಬಿಚ್ಚಿಸಿ ಇಟ್ಟುಕೊಳ್ಳಿ. ನುಡಿ, ಬರಹದ ಹಳೇ ಕಡತಗಳಿದ್ದರೆ ಈ ವರ್ಷವೇ ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ. ಸಾಲ್ಡರಿಂಗ್ ಕಡ್ಡಿ ಹಿಡಿಯುವವರು ಸಿಗುವಾಗಲೇ.