ಪ್ರತ್ಯಕ್ಷವಾಗಿ ಕಂಡರೂ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುವ ನಮ್ಮ ಜನವೇ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಲೂ ಹೇಳುತ್ತಾರೆ. ಒಂದೇ ಕಟ್ಟೆಯ ಮೇಲೆ ಕೂತು ಎರಡನ್ನೂ ಆಡುತ್ತಾರೆ. ನನ್ನ ಒಲವು ಎರಡನೆಯದರ ಕಡೆಗೆ. ಅದು ಹುಟ್ಟಿದ್ದು ಹೈಸ್ಕೂಲಿನ ರೇಖಾಗಣಿತದಿಂದ.

‘ಸ್ವಯಂಸಿದ್ಧ’ ಎಂಬ ಮಾತು ಬರುವುದು ಅಲ್ಲೇ. ಸಾಧಿಸಿ ತೋರಿಸಬೇಕಾಗಿಲ್ಲದ, ತನ್ನಷ್ಟಕ್ಕೆ ತಾನೇ ನಿಲ್ಲುವ ಸತ್ಯ. ಇಡಿಯದು ತನ್ನ ಭಾಗಕ್ಕಿಂತ ದೊಡ್ಡದು ಎಂದರೆ ಯಾರು ತಕರಾರು ತೆಗೆದಾರು? ಯೂಕ್ಲಿಡ್ ಇಂಥವನ್ನು ಬುನಾದಿಗೆ ಹಾಕಿಕೊಂಡೇ ಕಟ್ಟಿದ. ಆದರೆ ಅವನ ಐದನೆಯ ಆಧಾರ ಪ್ರತಿಜ್ಞೆ ಅಷ್ಟು ಸಲೀಸಾಗಿ ಗಂಟಲಿಗಿಳಿಯಲಿಲ್ಲ. ಒಂದು ಸರಳರೇಖೆ, ಅದರ ಹೊರಗೊಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆ ಎಳೆಯಬಹುದು. ಇದು ಅದರ ಈಗಿನ ಸರಳ ರೂಪ. ಹಾಳೆಯ ಮೇಲೆ ಗೀಚಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಆದರೂ ಇದನ್ನು ಸಾಧಿಸಲೇಬೇಕೆಂದು ತಲೆಮಾರುಗಳೇ ಹೆಣಗಿದವು. ರುಬಾಯಿಗಳ ಉಮರ್ ಖಯ್ಯಾಮನೂ ಹೆಣಗಿದ. 1733ರಲ್ಲಿ ಇಟಲಿಯ ಪಾದ್ರಿ ಸಕ್ಕೇರಿ, ಇದು ಸುಳ್ಳೆಂದೇ ಇಟ್ಟುಕೊಂಡು ಎಲ್ಲಿ ವೈರುಧ್ಯ ಬರುತ್ತದೋ ನೋಡೋಣವೆಂದು ಹೊರಟ. ವಿಚಿತ್ರ ಪ್ರಮೇಯಗಳು ಸಾಲುಗಟ್ಟಿ ಬಂದವು, ವೈರುಧ್ಯ ಬರಲಿಲ್ಲ. ಸರಳರೇಖೆಯ ಸ್ವಭಾವಕ್ಕೇ ಇದು ಒಗ್ಗದು ಎಂದು ಹೇಳಿ ಕೈಬಿಟ್ಟ. ಹೊಸ ಜಗತ್ತಿನ ಬಾಗಿಲು ತೆಗೆದವನು ಒಳಗೆ ಕಾಲಿಡಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಸುಮಾರು ನೂರು ವರ್ಷದ ಮೇಲೆ ರಷ್ಯಾದ ಲೊಬಚೆವ್‌ಸ್ಕಿ, ಹಂಗೆರಿಯ ಬೊಯಾಯ್ ಒಬ್ಬರಿಗೊಬ್ಬರು ಅರಿಯದೆ ಒಳಹೊಕ್ಕರು. ಅಲ್ಲಿ ಆ ಬಿಂದುವಿನ ಮೂಲಕ ಸಮಾಂತರಗಳು ಎಷ್ಟು ಬೇಕಾದರೂ ಇದ್ದವು.

ಗಣಿತದ ಈ ‘ಸ್ವಯಂಸಿದ್ಧ’ ಎಂಬ ಮಾತು ರಾಜಕೀಯಕ್ಕೂ ನಡೆದುಬಂದಿದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಜೆಫರ್ಸನ್, ಈ ಸತ್ಯಗಳು ಪವಿತ್ರ, ಅಲ್ಲಗಳೆಯಲಾಗದವು ಎಂದು ಬರೆದಿದ್ದ. ಅದನ್ನು ಹೊಡೆದುಹಾಕಿ ಸ್ವಯಂಸಿದ್ಧ ಎಂದು ತಿದ್ದಲಾಯಿತು. ಅದ್ಭುತವಾದ ತಿದ್ದುಪಡಿ: ದೇವರ ಸಾಕ್ಷಿಯೂ ಬೇಡ, ದೊರೆಯ ಅಪ್ಪಣೆಯೂ ಬೇಡ, ಮನುಷ್ಯರು ಸಮಾನರೆಂಬುದು ತಾನಾಗಿ ನಿಲ್ಲುತ್ತದೆ. ಆದರೆ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅಷ್ಟು ಸ್ಪಷ್ಟವಾದದ್ದು ಅವನ ಅಂಗಳದಲ್ಲೇ ಕಾಣಲಿಲ್ಲ.

1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಹೆಂಗಸರು ಆ ಘೋಷಣೆಯನ್ನೇ ಎದುರಿಗಿಟ್ಟುಕೊಂಡು ತಮ್ಮದೊಂದು ಘೋಷಣೆ ಹೊರಡಿಸಿದರು. ಎಲಿಜಬೆತ್ ಕೇಡಿ ಸ್ಟಾಂಟನ್ ಬರೆದ ಅದರ ಸಮಾನತೆಯ ವಾಕ್ಯದಲ್ಲಿ ಗಂಡಸರ ಪಕ್ಕದಲ್ಲಿ ಹೆಂಗಸರೂ ಸೇರಿದರು. ಮಿಕ್ಕಂತೆ ಆ ವಾಕ್ಯ ಹಳೆಯದೇ, ಸ್ವಯಂಸಿದ್ಧ ಎಂಬ ಮಾತೂ ಹಾಗೇ ಉಳಿಯಿತು. ನೂರು ಮಂದಿ ಸಹಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ಮತದ ಹಕ್ಕು ತಪ್ಪಿಸಬಾರದೆಂದು ಅಮೆರಿಕದ ಸಂವಿಧಾನ ಒಪ್ಪಿಕೊಂಡದ್ದು 1920ರಲ್ಲಿ.